ಗಿಟಾರಿನ ಎ ಕಾರ್ಡಿಗೆ ಯಾವ ಬೆರಳು? ತೋರುಬೆರಳಿನ ತುದಿ ಒತ್ತಲಾಗದವರು ಏನು ಮಾಡಬೇಕು?

ಸೂಜಿದಾರ, ಉಡುಪಿ

ಎಲ್ಲರಿಗೂ ನಮಸ್ಕಾರ. ನಾನು ಹೊಲಿಗೆ ಕೆಲಸದವಳು. 22 ವರ್ಷದಿಂದ ಬ್ಲೌಸ್, ಚೂಡಿದಾರ, ಮಕ್ಕಳ ಫಸ್ಟ್ ಕಮ್ಯೂನಿಯನ್ ಫ್ರಾಕ್. ಗಿಟಾರ್ ಹಿಡಿದು ಐದು ತಿಂಗಳಾಯಿತು ಅಷ್ಟೆ. ವಯಸ್ಸು 47, ನಗಬೇಡಿ.

ಗಿಟಾರ್ ಮಗಳದ್ದು. ಪಿಯುಸಿಯಲ್ಲಿರುವಾಗ ಹಟ ಹಿಡಿದು ತೆಗೆಸಿಕೊಂಡಳು. ಎರಡು ತಿಂಗಳು ನುಡಿಸಿದಳು. ಆಮೇಲೆ ಅದು ಕಪಾಟಿನ ಮೇಲೆ, ಅವಳು ಬೆಂಗಳೂರಿನಲ್ಲಿ. ನಮ್ಮ ಚರ್ಚಿನ ಕ್ವಾಯರಿನಲ್ಲಿ ಗಿಟಾರ್ ನುಡಿಸುತ್ತಿದ್ದ ಹುಡುಗ ಏಪ್ರಿಲ್‌ನಲ್ಲಿ ದುಬೈಗೆ ಹೋದ. ಉಳಿದದ್ದು ಕೀಬೋರ್ಡ್ ಒಂದೇ. ನಾನು ಹಿಂದಿನ ಸಾಲಿನಲ್ಲಿ ಸುಮ್ನೆ ಆಲ್ಟೊ ಹಾಡಿಕೊಂಡಿದ್ದವಳು. "ನಿಮ್ಮಲ್ಲಿ ಗಿಟಾರ್ ಉಂಟಲ್ಲ?" ಅಂತ ಯಾರೋ ಬಾಯಿ ಬಿಟ್ಟರು. ಅಲ್ಲಿಗೆ ನನ್ನ ಕುತ್ತಿಗೆಗೆ ಬಂತು. ಮೊಂತಿ ಹಬ್ಬ (ಮೇರಿ ಮಾತೆಯ ಹುಟ್ಟುಹಬ್ಬ) ಮೊನ್ನೆ ಕಳೆಯಿತು. ಮುಂದಿನ ತಿಂಗಳು ಕ್ರಿಸ್ಮಸ್ ಪ್ರಾಕ್ಟೀಸ್ ಶುರು.

ಈಗ ವಿಷಯಕ್ಕೆ ಬರುತ್ತೇನೆ. ಎ ಮೇಜರ್ ಕಾರ್ಡ್, ಅಂದರೆ ಕೆಲವು ಸ್ವರ ಒಟ್ಟಿಗೆ ನುಡಿಸುವ ಒಂದು ಹಿಡಿತ. ತೆಳ್ಳಗಿನ ತಂತಿಯಿಂದ ಎಣಿಸಿದರೆ ನಾಲ್ಕು, ಮೂರು, ಎರಡು, ಈ ಮೂರು ತಂತಿಗಳನ್ನೂ ಎರಡನೇ ಫ್ರೆಟ್ಟಿನಲ್ಲೇ (ಕಂಬಿಗಳ ನಡುವಿನ ಮನೆ) ಒತ್ತಬೇಕು. ಕ್ಲಾಸಿನ ಸರ್ ಹೇಳಿಕೊಟ್ಟದ್ದು ಸಾಲಾಗಿ: ತೋರುಬೆರಳು, ನಡುಬೆರಳು, ಉಂಗುರಬೆರಳು. ನನ್ನ ಅಕ್ಕನ ಮಗ ಬಂದು ನೋಡಿ, "ಹಾಗಲ್ಲ ಮಾವ್ಶಿ, ತೋರುಬೆರಳು ಮಧ್ಯದ ತಂತಿಗೆ ಬರಬೇಕು" ಅಂದ. ಯೂಟ್ಯೂಬಿನಲ್ಲಿ ಇನ್ನೊಬ್ಬ ಒಂದೇ ಬೆರಳನ್ನು ಅಡ್ಡ ಮಲಗಿಸಿ ಮೂರನ್ನೂ ಒತ್ತಿಬಿಟ್ಟ. ಯಾರನ್ನು ನಂಬುವುದು?

ನನ್ನ ತೊಂದರೆ ಅಷ್ಟಕ್ಕೇ ಮುಗಿಯುವುದಿಲ್ಲ. ಎಂಟು ವರ್ಷದ ಹಿಂದೆ, ಮದುವೆ ಸೀಸನ್, ರಾತ್ರಿ ಹನ್ನೊಂದು ಗಂಟೆ. ವೆಲ್ವೆಟ್ ಬ್ಲೌಸಿಗೆ ಪೈಪಿಂಗ್ ಕೂರಿಸುತ್ತಿದ್ದೆ. ಮೋಟಾರ್ ಹಾಕಿದ ಮಿಷನ್. ನಿದ್ದೆ ತೂಗಿತೋ ಏನೋ, ಎಡಗೈಯ ತೋರುಬೆರಳು ಬಟ್ಟೆಯ ಜೊತೆ ಫೂಟಿನ ಅಡಿಗೆ ಹೋಯಿತು. ಸೂಜಿ ಉಗುರಿನ ಮೇಲೆ ಹೊಕ್ಕು, ಕೆಳಗೆ ಬಂದು, ಅಲ್ಲೇ ಮುರಿಯಿತು. ಗಾಯ ವಾಸಿಯಾಗಿದೆ. ಆದರೆ ಬೆರಳ ತುದಿ ಅರ್ಧ ಜೋಮು ಹಿಡಿದ ಹಾಗೆ, ಇನ್ನರ್ಧ ಒತ್ತಿದರೆ ಕರೆಂಟ್ ಹೊಡೆದ ಹಾಗೆ. ಹೊಲಿಯಲಿಕ್ಕೆ ಏನೂ ಅಡ್ಡಿ ಇಲ್ಲ. ಉಕ್ಕಿನ ತಂತಿ ಒತ್ತಲಿಕ್ಕೆ ಆಗುವುದಿಲ್ಲ.

ತೋರುಬೆರಳು ಬಿಟ್ಟು ಎ ಹಿಡಿಯುವವರು ಯಾರಾದರೂ ಇದ್ದೀರಾ? ಈಗ ಒಂದು ರೀತಿ ಕಲಿತರೆ ಮುಂದೆ ಬಿಚ್ಚಿ ಹೊಲಿಯಬೇಕಾಗುತ್ತದಾ? ನಮ್ಮ ಹಾಡುಗಳು ಜಾಸ್ತಿ ಎ, ಡಿ, ಇ. ಕೆಲವು ಜಿ, ಸಿ, ಡಿ.

ಕಂಕನಾಡಿ ಬೇಸ್, ಮಂಗಳೂರು

ಅಕ್ಕಾ, ಮೂರೂ ಸರಿ. ಸರ್ ಜೊತೆ ಜಗಳ ಬೇಡ, ಹುಡುಗನಿಗೆ ಬೈಯುವುದೂ ಬೇಡ. ನಾನು 19 ವರ್ಷದಿಂದ ರೋಸ್ (ಮದುವೆಯ ಮುಂಚಿನ ತೆಂಗಿನಹಾಲಿನ ಶಾಸ್ತ್ರ), ಮದುವೆ ರಿಸೆಪ್ಶನ್ ಅಂತ ಬ್ಯಾಂಡಿನಲ್ಲಿ ನುಡಿಸುತ್ತಿದ್ದೇನೆ. ಒಂದೇ ಹಾಡಿನಲ್ಲಿ ಎ ಕಾರ್ಡನ್ನು ಎರಡು ರೀತಿ ಹಿಡಿಯುತ್ತೇನೆ. ಮೊನ್ನೆ ಯಾರೋ ವಿಡಿಯೋ ತೆಗೆದು ಕಳಿಸಿದಾಗಲೇ ನನಗೆ ಗೊತ್ತಾದದ್ದು.

ಯಾವ ಬೆರಳು ಒತ್ತಿತು ಅಂತ ತಂತಿ ಕೇಳುವುದಿಲ್ಲ. ನಾಲ್ಕನೆಯದರಲ್ಲಿ ಇ, ಮೂರನೆಯದರಲ್ಲಿ ಎ, ಎರಡನೆಯದರಲ್ಲಿ ಸಿ ಶಾರ್ಪ್ ಬಂದರೆ ಆಯಿತು. ಬೆರಳಿನ ಲೆಕ್ಕ ಬರುವುದು ಅಲ್ಲಿಂದ ಮುಂದಿನ ಕಾರ್ಡಿಗೆ ಹೋಗುವಾಗ. ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ಸಿಟಿ ಬಸ್ ಹತ್ತಿದವರು, ಎರಡು ಸ್ಟಾಪ್ ಬಿಟ್ಟು ಇಳಿಯುವುದಾದರೆ ಒಳಗೆ ಹೋಗಿ ಕೂರುತ್ತಾರಾ? ಬಾಗಿಲ ಹತ್ತಿರವೇ ನಿಲ್ಲುತ್ತಾರಲ್ವಾ? ಬೆರಳೂ ಹಾಗೆ ನಿಲ್ಲಬೇಕು.

ನಿಮ್ಮ ಅಕ್ಕನ ಮಗ ಹೇಳಿದ್ದನ್ನು ನೋಡಿ. ನಾಲ್ಕಕ್ಕೆ ನಡುಬೆರಳು, ಮೂರಕ್ಕೆ ತೋರುಬೆರಳು, ಎರಡಕ್ಕೆ ಉಂಗುರಬೆರಳು. ಇಲ್ಲಿಂದ ಡಿ ಕಾರ್ಡಿಗೆ ಹೋಗಬೇಕಾದರೆ ತೋರುಬೆರಳು ಅಲುಗಾಡುವುದೇ ಬೇಡ, ಇದ್ದಲ್ಲೇ ಇರುತ್ತದೆ. ಉಂಗುರಬೆರಳು ಅದೇ ತಂತಿಯಲ್ಲಿ ಒಂದು ಫ್ರೆಟ್ ಮುಂದೆ ಜಾರುತ್ತದೆ. ಎದ್ದು ಹೋಗುವುದು ನಡುಬೆರಳು ಮಾತ್ರ, ನಾಲ್ಕನೇ ತಂತಿಯಿಂದ ಒಂದನೆಯದಕ್ಕೆ. ಇ ಕಾರ್ಡಿಗೆ ಹೋಗುವಾಗಲೂ ತೋರುಬೆರಳು ಮೂರನೇ ತಂತಿ ಬಿಡುವುದಿಲ್ಲ, ಒಂದು ಫ್ರೆಟ್ ಹಿಂದೆ ಬರುತ್ತದೆ ಅಷ್ಟೆ. ಎ, ಡಿ, ಇ ಮೂರಕ್ಕೂ ಒಂದು ಬೆರಳು ಒಂದೇ ತಂತಿಯ ಮೇಲೆ. ಹುಡುಗ ಬುದ್ಧಿವಂತ.

ಸರ್ ಹೇಳಿದ ಸಾಲಿನಲ್ಲಿ ಹೀಗೆ ಅಂಟಿಕೊಂಡಿರುವ ಬೆರಳು ಇಲ್ಲ. ಡಿಗೆ ಹೋಗುವಾಗ ಉಂಗುರಬೆರಳು ಜಾರುತ್ತದೆ, ಉಳಿದೆರಡೂ ಎದ್ದು ಹೋಗಬೇಕು. ಇನ್ನೊಂದು ತಾಪತ್ರಯ, ಮೂರು ಬೆರಳು ಒಂದೇ ಮನೆಯಲ್ಲಿ ಕೂತಾಗ ತೋರುಬೆರಳು ಫ್ರೆಟ್ಟಿನ ಕಂಬಿಯಿಂದ ದೂರ ಹಿಂದಕ್ಕೆ ಬೀಳುತ್ತದೆ. ಹಿಂದೆ ಬಿದ್ದಷ್ಟು ಜಾಸ್ತಿ ಒತ್ತಬೇಕು, ಇಲ್ಲದಿದ್ದರೆ ನಾಲ್ಕನೇ ತಂತಿ ಝರ್ ಅನ್ನುತ್ತದೆ. ಆದರೆ ನೆನಪಿಡಲು ಅದೇ ಸುಲಭ. ಅದಕ್ಕೇ ಕ್ಲಾಸಿನಲ್ಲಿ ಮೊದಲು ಅದನ್ನೇ ಹೇಳಿಕೊಡುವುದು.

ಆದರೆ ಈ ಎರಡೂ ನಿಮಗಲ್ಲ. ಎರಡಕ್ಕೂ ತೋರುಬೆರಳಿನ ತುದಿ ಬೇಕು. ನೀವು ಎ ಕಾರ್ಡನ್ನು ನಡುಬೆರಳು, ಉಂಗುರಬೆರಳು, ಕಿರುಬೆರಳು, ಈ ಸಾಲಿನಲ್ಲಿ ಹಿಡಿಯಿರಿ. ಸರ್ ಹೇಳಿದ್ದೇ, ಒಂದೊಂದು ಬೆರಳು ಆಚೆ ಸರಿಸಿದ್ದು. ಇ ಕಾರ್ಡಿಗೆ ಐದನೇ ತಂತಿಗೆ ಉಂಗುರಬೆರಳು, ನಾಲ್ಕಕ್ಕೆ ಕಿರುಬೆರಳು, ಮೂರನೇ ತಂತಿಯ ಮೊದಲ ಫ್ರೆಟ್ಟಿಗೆ ನಡುಬೆರಳು. ಡಿ ಕಾರ್ಡಿಗೆ ಮೂರನೇ ತಂತಿಗೆ ನಡು, ಎರಡನೆಯದರ ಮೂರನೇ ಫ್ರೆಟ್ಟಿಗೆ ಕಿರು, ಒಂದನೆಯದಕ್ಕೆ ಉಂಗುರ. ಎಲ್ಲೂ ತೋರುಬೆರಳಿಲ್ಲ. ಎಯಿಂದ ಡಿಗೆ ಹೋಗುವಾಗ ಕಿರುಬೆರಳು ಅದೇ ತಂತಿಯಲ್ಲಿ ಜಾರುತ್ತದೆ, ಅದನ್ನು ಹಿಡಿದುಕೊಂಡೇ ಹೋಗಿ.

ಕಿರುಬೆರಳು ಮೊದಲೆರಡು ವಾರ ಅಳುತ್ತದೆ. ಅಳಲಿ.

ಬಿಚ್ಚಿ ಹೊಲಿಯುವ ಪ್ರಶ್ನೆಯೂ ಇಲ್ಲ. ಮುಂದೆ ಬಾರ್ ಕಾರ್ಡ್ (ಒಂದು ಬೆರಳು ಅಡ್ಡ ಹಾಕಿ ಹಿಡಿಯುವುದು) ಕಲಿಯುವಾಗ ಎಲ್ಲರೂ ಇದೇ ಬೆರಳಿಗೆ ಬರಬೇಕು. ಈ ಇ ಕಾರ್ಡನ್ನು ಹಾಗೇ ಒಂದು ಫ್ರೆಟ್ ಮುಂದೆ ಜರುಗಿಸಿ, ಹಿಂದೆ ತೋರುಬೆರಳನ್ನು ಅಡ್ಡ ಹಾಕಿದರೆ ಅದೇ ಎಫ್. ಬೇರೆಯವರು ಒಂದು ವರ್ಷದ ಮೇಲೆ ಕಲಿಯುವುದನ್ನು ನೀವು ಈಗಲೇ ಕಲಿಯುತ್ತೀರಿ.

ಡ್ರಾಪ್ ಡಿ, ಮಣಿಪಾಲ

ಆಂಟಿ, ಇಷ್ಟೆಲ್ಲ ಯಾಕೆ? ತೋರುಬೆರಳು ಅಡ್ಡ ಮಲಗಿಸಿ, ಮೂರೂ ತಂತಿ ಒತ್ತಿ, ಕೆಲಸ ಮುಗೀತು. ಒಂದನೇ ತಂತಿ ಸತ್ತುಹೋಗುತ್ತದೆ ಅಂತ ಎಲ್ಲರೂ ಹೆದರಿಸುತ್ತಾರೆ. ಸತ್ತರೆ ಸಾಯಲಿ. ಆ ತಂತಿ ಖಾಲಿ ಬಿಟ್ಟರೆ ಬರುವುದು ಇ. ನಾಲ್ಕನೇ ತಂತಿಯ ಎರಡನೇ ಫ್ರೆಟ್ಟಿನಲ್ಲಿ ಬರುವುದೂ ಇ. ಕಾರ್ಡಿನಿಂದ ಒಂದು ಸ್ವರವೂ ಕಡಿಮೆ ಆಗುವುದಿಲ್ಲ. ಎಲೆಕ್ಟ್ರಿಕ್‌ನಲ್ಲಿ ನಾವು ಬೇಕೆಂದೇ ಅದನ್ನು ಬಿಡುತ್ತೇವೆ. ಕ್ಯಾಪೊ (ಎಲ್ಲ ತಂತಿ ಒಟ್ಟಿಗೆ ಒತ್ತುವ ಕ್ಲಿಪ್) ಹಾಕಿದಾಗಲಂತೂ ಇದೇ ದಾರಿ. ಎರಡನೇ ಫ್ರೆಟ್ಟಿನಲ್ಲಿ ಕ್ಯಾಪೊ ಇಟ್ಟರೆ ನಿಮ್ಮ ಎ ನಾಲ್ಕನೇ ಫ್ರೆಟ್ಟಿಗೆ ಹೋಗುತ್ತದೆ, ಅಲ್ಲಿ ಮನೆ ಇನ್ನೂ ಸಣ್ಣದು. 34 ಮಿಲಿಮೀಟರ್ ಇದ್ದದ್ದು 30ರ ಹತ್ತಿರ ಬರುತ್ತದೆ. ಮೂರು ಬೆರಳು ಎಲ್ಲಿ ತುರುಕುತ್ತೀರಿ?

ಮತ್ತೆ, ಬೆರಳು ಪೆಟ್ಟಾದವರು ಗಿಟಾರ್ ಬಿಡಬೇಕಾಗಿಲ್ಲ. ಬ್ಲ್ಯಾಕ್ ಸಬ್ಬತ್ ಬ್ಯಾಂಡಿನ ಗಿಟಾರಿಸ್ಟ್ ಟೋನಿ ಐಯೊಮಿ 17ನೇ ವಯಸ್ಸಿಗೆ ಬರ್ಮಿಂಗ್‌ಹ್ಯಾಮಿನ ಫ್ಯಾಕ್ಟರಿಯಲ್ಲಿ ಎರಡು ಬೆರಳಿನ ತುದಿ ಕಳೆದುಕೊಂಡ. ಎಡಚ, ಹಾಗಾಗಿ ಹೋದದ್ದು ತಂತಿ ಒತ್ತುವ ಬಲಗೈಯದ್ದೇ. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ, ಮೇಲೆ ಚರ್ಮ ಅಂಟಿಸಿದ. ನಿಮ್ಮಲ್ಲಿ ಅಂಗುಸ್ತಾನ ಇರುತ್ತದಲ್ಲ? ಹಾಕಿ ನೋಡಿ!

ಸೂಜಿದಾರ, ಉಡುಪಿ

ಮಗಾ, ಆಂಟಿ ಅನ್ನು, ಪರವಾಗಿಲ್ಲ. ಬ್ಲೌಸ್ ಕೊಡಲು ಬರುವವರೆಲ್ಲ ಹಾಗೇ ಕರೆಯುವುದು. ಆದರೆ ನೀನು ಟೇಲರ್ ಅಂಗುಸ್ತಾನ ನೋಡಿದವನಲ್ಲ. ನಮ್ಮದಕ್ಕೆ ತಲೆ ಇರುವುದಿಲ್ಲ, ದಪ್ಪ ಉಂಗುರದ ಹಾಗೆ ಇರುತ್ತದೆ. ಸೂಜಿ ದೂಡುವುದು ಬೆರಳಿನ ಬದಿಯಿಂದ. ತುದಿ ಹೊರಗೇ ಇರುತ್ತದೆ, ಅದಕ್ಕೆ ಏನು ರಕ್ಷಣೆ?

ಆದರೂ ಅತ್ತೆಯ ಹಳೆ ಪೆಟ್ಟಿಗೆಯಲ್ಲಿ ಟೋಪಿ ಇರುವಂಥದ್ದು ಒಂದು ಸಿಕ್ಕಿತು, ಹಿತ್ತಾಳೆಯದ್ದು. ಹಾಕಿದೆ. ತಂತಿಯ ಮೇಲೆ ಜಾರಿ ಕೊಂಯ್ ಅಂತ ಕೂಗಿತು. ಬೆಕ್ಕು ಅಡುಗೆಮನೆಯಿಂದ ಓಡಿತು. ಸಾಕು ಅಂತ ತೆಗೆದಿಟ್ಟೆ.

ಅಡ್ಡ ಮಲಗಿಸುವುದನ್ನೂ ನೋಡಿದೆ. ಮೂರು ಮತ್ತು ಎರಡನೇ ತಂತಿ ಚೆನ್ನಾಗಿ ಬರುತ್ತವೆ. ನಾಲ್ಕನೆಯದು ಸರಿಯಾಗಿ ನೋವಿನ ಜಾಗದ ಮೇಲೇ ಕೂರುತ್ತದೆ. ಬೆರಳನ್ನು ಇನ್ನೂ ಮುಂದೆ ದೂಡಿದರೆ ತುದಿ ಐದನೇ ತಂತಿಗೆ ತಾಗುತ್ತದೆ, ಆಗ ಎ ಕಾರ್ಡಿನ ತಳದ ಎಯೇ ಇಲ್ಲ. ಒಂದನೇ ತಂತಿ ಸತ್ತರೆ ನನಗೂ ಬೇಜಾರಿಲ್ಲ, ಐದನೆಯದು ಸಾಯಬಾರದು.

ಕಂಕನಾಡಿಯವರು ಹೇಳಿದ ಬೆರಳು ಹಿಡಿದು ನೋಡಿದೆ. ಆಕಾರ ಬರುತ್ತದೆ. ಸದ್ದು ಬರುವುದಿಲ್ಲ. ಕಿರುಬೆರಳಿಗೆ ಬಲವೇ ಇಲ್ಲ.

ತಂತಿ ರಿಪೇರಿ, ಬಿಜೈ

ಬೆರಳಿಗೆ ಬೈಯುವ ಮೊದಲು ಗಿಟಾರ್ ನೋಡಿ. ಕಪಾಟಿನ ಮೇಲೆ ಎಷ್ಟು ಮಳೆಗಾಲ ಕಳೆದಿದೆ ಅದು? ನಮ್ಮ ಊರಿನ ಮಳೆಗೆ ಮರ ನೀರು ಕುಡಿಯುತ್ತದೆ, ಹೊಟ್ಟೆ ಉಬ್ಬುತ್ತದೆ. ಹೊಟ್ಟೆ ಉಬ್ಬಿದರೆ ಬ್ರಿಜ್ (ಹೊಟ್ಟೆಯ ಮೇಲೆ ತಂತಿ ಕಟ್ಟುವ ಪಟ್ಟಿ) ಮೇಲೇಳುತ್ತದೆ, ತಂತಿ ಫ್ರೆಟ್ಟಿನಿಂದ ದೂರ ಹೋಗುತ್ತದೆ. ಆಗ ಯಾರ ಕಿರುಬೆರಳಿಗೂ ಬಲ ಸಾಲುವುದಿಲ್ಲ. ಆಗಸ್ಟಿನಲ್ಲಿ "ಕೈ ನೋಯುತ್ತದೆ" ಅಂತ ಬರುವ ಹತ್ತು ಗಿಟಾರಿನಲ್ಲಿ ಏಳೆಂಟು ಇದೇ ಕೇಸು.

ಹನ್ನೆರಡನೇ ಫ್ರೆಟ್ಟಿನ ಹತ್ತಿರ ಆರನೇ ತಂತಿಯ ಕೆಳಗೆ ಎಷ್ಟು ಜಾಗ ಉಂಟು ಅಳೆಯಿರಿ. ಬ್ಲೌಸಿನ ಟೇಪ್ ಬೇಡ, ಮಕ್ಕಳ ಜಾಮಿಟ್ರಿ ಬಾಕ್ಸಿನ ಸ್ಕೇಲ್ ಸಾಕು. ಎರಡೂವರೆ ಮಿಲಿಮೀಟರ್ ಆಸುಪಾಸು ಇದ್ದರೆ ಒಳ್ಳೆಯದು. ಮೂರು ದಾಟಿದರೆ ಕಷ್ಟ.

ಇನ್ನೊಂದು ನೋಡಬೇಕು. ಎ ಕಾರ್ಡ್ ಹಿಡಿಯುವುದು ನಟ್ಟಿನ, ಅಂದರೆ ನೆಕ್ಕಿನ ತುದಿಯ ಪಟ್ಟಿಯ, ಹತ್ತಿರ. ಅಲ್ಲಿ ತಂತಿ ಕೂರುವ ಕಚ್ಚು ಆಳ ಇಲ್ಲದಿದ್ದರೆ ಬಾಕಿ ಎಲ್ಲ ಸರಿ ಇದ್ದೂ ಕೈ ನೋಯುತ್ತದೆ. ತಂತಿಯನ್ನು ಮೂರನೇ ಫ್ರೆಟ್ಟಿನಲ್ಲಿ ಒತ್ತಿ ಹಿಡಿದು, ಮೊದಲ ಫ್ರೆಟ್ಟಿನ ಮೇಲೆ ಇಣುಕಿ. ಒಂದು ಕಾಗದ ನುಸುಳುವಷ್ಟು ಜಾಗ ಕಂಡರೆ ಸಾಕು. ಅದಕ್ಕಿಂತ ಜಾಸ್ತಿ ಉಂಟಾದರೆ ಉಜ್ಜಬೇಕು. ನೀವೇ ಉಜ್ಜಬೇಡಿ. ಜಾಸ್ತಿ ಉಜ್ಜಿದರೆ ಹಿಂದೆ ಬರುವುದಿಲ್ಲ, ತುಂಡು ಮಾಡಿದ ಬಟ್ಟೆಯ ಹಾಗೆ.

ಮಗಳು ಹಾಕಿದ ತಂತಿಗಳೇ ಇನ್ನೂ ಇದ್ದರೆ ಮೊದಲು ಬಿಸಾಡಿ. ಉಪ್ಪುಗಾಳಿಗೆ ತುಕ್ಕು ಹಿಡಿದ ತಂತಿ ಗರಗಸ ಇದ್ದ ಹಾಗೆ. 10-47 ಸೆಟ್ ಕೇಳಿ ತನ್ನಿ. ಸಾಮಾನ್ಯವಾಗಿ ಕೊಡುವ 12-53ಕ್ಕಿಂತ ತೆಳು, ಸದ್ದು ಸ್ವಲ್ಪ ಕಡಿಮೆ, ಬೆರಳಿಗೆ ಸುಖ.

ಪಿಟೀಲು, ಉಡುಪಿ

ನಾನು ಗಿಟಾರ್ ನುಡಿಸುವವನಲ್ಲ, ಕರ್ನಾಟಕ ಸಂಗೀತದ ಪಿಟೀಲು ಪಾಠ ಮಾಡುವವನು. ಆದರೂ ಒಂದು ಮಾತು ಹೇಳಬಹುದಲ್ವಾ?

ನಮ್ಮಲ್ಲಿ ತಂತಿಗಳನ್ನು ಸ ಪ ಸ ಪ ಅಂತ ಶ್ರುತಿ ಮಾಡುತ್ತೇವೆ. ಪಂಚಮವನ್ನು ಖಾಲಿ ತಂತಿಯಲ್ಲೂ ನುಡಿಸಬಹುದು, ಪಕ್ಕದ ಷಡ್ಜದ ತಂತಿಯಲ್ಲಿ ಬೆರಳಿಟ್ಟೂ ನುಡಿಸಬಹುದು. ಎಲ್ಲಿಂದ ಬಂದೆವು, ಎಲ್ಲಿಗೆ ಜಾರಬೇಕು ಅಂತ ನೋಡಿ ಆರಿಸಿಕೊಳ್ಳುತ್ತೇವೆ. ಕಂಕನಾಡಿಯವರ ಬಸ್ಸಿನ ಮಾತು ನಮಗೂ ಸರಿ ಹೊಂದುತ್ತದೆ.

ಆದರೆ ಕಲಿಯುವವರಿಗೆ ನಾನು ಆಯ್ಕೆ ಕೊಡುವುದಿಲ್ಲ. ಸೋಮವಾರ ಒಂದು ಬೆರಳು, ಮಂಗಳವಾರ ಇನ್ನೊಂದು ಬೆರಳು ಅಂತ ಮಾಡಿದರೆ ಕೈಗೆ ಯಾವುದೂ ಹತ್ತುವುದಿಲ್ಲ. ತಾಯಿಯವರು ಒಂದನ್ನು ಹಿಡಿದು, ಹಾಡಿನ ಪುಸ್ತಕದಲ್ಲಿ ಕಾರ್ಡಿನ ಹೆಸರಿನ ಮೇಲೆ ಪೆನ್ಸಿಲಿನಲ್ಲಿ ಬೆರಳಿನ ನಂಬರ್ ಬರೆದುಕೊಳ್ಳಲಿ. ಮೂರು ವಾರ ಅಳಿಸಬಾರದು.

ಕಂಕನಾಡಿ ಬೇಸ್, ಮಂಗಳೂರು

ಬಿಜೈಯವರು ಹೇಳಿದ್ದು ನನಗೆ ಹೊಳೆಯಲೇ ಇಲ್ಲ. ಮೊದಲು ಅದು ಮಾಡಿಸಿ ಅಕ್ಕಾ.

ಜಿ, ಸಿ ಬಗ್ಗೆ ಬರೆಯಲು ಮರೆತಿದ್ದೆ. ಜಿ ಕಾರ್ಡಿನಲ್ಲೂ ಇದೇ ಕಥೆ. ಕೆಲವರು ಆರನೇ ತಂತಿಗೆ ನಡುಬೆರಳು, ಐದಕ್ಕೆ ತೋರುಬೆರಳು, ಒಂದಕ್ಕೆ ಉಂಗುರಬೆರಳು ಇಡುತ್ತಾರೆ. ನೀವು ಆರಕ್ಕೆ ಉಂಗುರ, ಐದಕ್ಕೆ ನಡು, ಒಂದಕ್ಕೆ ಕಿರುಬೆರಳು ಇಡಿ. ತೋರುಬೆರಳು ಬೇಡವೇ ಬೇಡ. ಸಿ ಕಾರ್ಡಿಗೆ ಮಾತ್ರ ಎರಡನೇ ತಂತಿಯ ಮೊದಲ ಫ್ರೆಟ್ಟಿಗೆ ತೋರುಬೆರಳು ಬೇಕು. ಅಲ್ಲಿ ಸ್ವಲ್ಪ ಕಳ್ಳತನ ಮಾಡಿ. ಜಿಯಿಂದ ಉಂಗುರಬೆರಳನ್ನು ಐದಕ್ಕೆ, ನಡುಬೆರಳನ್ನು ನಾಲ್ಕಕ್ಕೆ, ಕಿರುಬೆರಳನ್ನು ಒಂದರಿಂದ ಎರಡಕ್ಕೆ ತನ್ನಿ. ಮೂರೂ ಬೆರಳು ಒಂದೊಂದು ತಂತಿ ದಾಟಿದವು, ಫ್ರೆಟ್ ಬದಲಾಗಲಿಲ್ಲ. ಇದಕ್ಕೆ ಸಿ ಆ್ಯಡ್ 9 ಅಂತಾರೆ. ಸಿ ಜೊತೆಗೆ ಒಂದು ಡಿ ಸ್ವರ ಜಾಸ್ತಿ. ಕೀಬೋರ್ಡಿನವರು ಬರಿ ಸಿ ಹಿಡಿದರೂ ಎರಡೂ ಕೂಡಿಕೊಳ್ಳುತ್ತವೆ. ಚಂದವೇ ಕೇಳುತ್ತದೆ.

ಸೂಜಿದಾರ, ಉಡುಪಿ

ಒಂದು ತಿಂಗಳು ಆಯಿತು, ಉತ್ತರ ಬರೆಯಲು ಪುರುಸೊತ್ತೇ ಆಗಲಿಲ್ಲ. ನವರಾತ್ರಿಯ ಬ್ಲೌಸ್ ಮುಗಿಯುವಾಗ ದೀಪಾವಳಿಯದ್ದು ಬಂತು.

ಸ್ಕೇಲ್ ಇಟ್ಟು ನೋಡಿದೆ. ನಾಲ್ಕು ಮಿಲಿಮೀಟರ್! ಮೂರನೇ ಫ್ರೆಟ್ ಒತ್ತಿ ಇಣುಕಿದರೆ ಕಾಗದ ಎಲ್ಲಿ, ಹೊದಿಕೆಯೇ ಹೋಗುವಷ್ಟು ಜಾಗ. ರಿಪೇರಿಗೆ ಕೊಟ್ಟೆ. ಬ್ರಿಜ್ ಮೇಲಿನ ಸ್ಯಾಡಲ್ ತಗ್ಗಿಸಿ, ನಟ್ಟಿನ ಕಚ್ಚು ಆಳ ಮಾಡಿ, ಹೊಸ ತಂತಿ ಹಾಕಿ ಕೊಟ್ಟರು. ಮನೆಗೆ ತಂದು ಎ ಹಿಡಿದೆ. ಐದು ತಿಂಗಳಿನಿಂದ ಡೆನಿಮ್ ಹೊಲಿಯುತ್ತಿದ್ದವಳಿಗೆ ಒಮ್ಮೆಲೇ ಮಲ್ ಬಟ್ಟೆ ಕೊಟ್ಟ ಹಾಗಾಯಿತು. ಇಷ್ಟು ದಿನ ನನ್ನ ಬೆರಳಿಗೆ ಬೈದದ್ದೇ ಬೈದದ್ದು.

ಆಮೇಲೆ ಪಿಟೀಲು ಮೇಷ್ಟ್ರು ಹೇಳಿದ ಹಾಗೆ ಪೆನ್ಸಿಲಿನಲ್ಲಿ ಬರೆದೆ. ಎ ಮೇಲೆ 2-3-4 (ತೋರುಬೆರಳು 1 ಅಂತ ಲೆಕ್ಕ). ಕ್ಲಾಸಿನ ಸರ್ ಪುಸ್ತಕ ನೋಡಿ ಹುಬ್ಬು ಏರಿಸಿದರು. ಬೆರಳು ತೋರಿಸಿದೆ. "ಇದನ್ನು ಮೊದಲೇ ಹೇಳಬಾರದಾ?" ಅಂದರು. ನಾನು ಹೇಳಿರಲಿಲ್ಲ, ತಪ್ಪು ನನ್ನದೇ.

ಕಿರುಬೆರಳಿನ ವಿಷಯ. ಅದಕ್ಕೆ ಕೆಲಸವೇ ಇರಲಿಲ್ಲ ಇಷ್ಟು ವರ್ಷ, ಬಟ್ಟೆ ಹಿಡಿಯುವಾಗಲೂ ಆಚೆ ಎದ್ದು ನಿಲ್ಲುವ ಬೆರಳು ಅದು. ಮೊದಲ ವಾರ ಎರಡನೇ ತಂತಿಯ ಮೇಲೆ ಇಟ್ಟರೆ ಕೊನೆಯ ಗಂಟು ಒಳಗೆ ಕುಸಿಯುತ್ತಿತ್ತು, ಮಲಗಿ ಒಂದನೇ ತಂತಿಗೂ ತಾಗುತ್ತಿತ್ತು. ಹೆಬ್ಬೆರಳನ್ನು ನೆಕ್ಕಿನ ಹಿಂದೆ ಸ್ವಲ್ಪ ಕೆಳಗೆ ಇಳಿಸಿದೆ. ಮಣಿಕಟ್ಟು ತಾನಾಗಿ ಮುಂದೆ ಬಂತು, ಕಿರುಬೆರಳು ನೆಟ್ಟಗೆ ನಿಂತಿತು. ಇದನ್ನು ಯಾರೂ ಹೇಳಿರಲಿಲ್ಲ. ಹೊಲಿಗೆಯಲ್ಲೂ ಹಾಗೇ, ಕೈ ನೋಯುತ್ತದೆ ಅಂದರೆ ಮೊದಲು ಸ್ಟೂಲಿನ ಎತ್ತರ ನೋಡಬೇಕು.

ಎಯಿಂದ ಡಿ ಈಗ ನೋಡದೆ ಬರುತ್ತದೆ, ಕಿರುಬೆರಳು ಜಾರಿಸಿಕೊಂಡು. ಎಯಿಂದ ಇ ಇನ್ನೂ ತಡ. ಮೂರೂ ಬೆರಳು ಏಳಬೇಕಲ್ಲ, ಉಂಗುರಬೆರಳು ಐದನೇ ತಂತಿ ಹುಡುಕುವಷ್ಟರಲ್ಲಿ ಸೊಪ್ರಾನೊದವರು ಮುಂದಿನ ಸಾಲಿಗೆ ಹೋಗಿರುತ್ತಾರೆ. ಮೊದಲ ದಿನ ಪ್ರಾಕ್ಟೀಸಿನಲ್ಲಿ ಇ ಬಂದಲ್ಲೆಲ್ಲ ಮೊದಲ ಹೊಡೆತ ಬಿಟ್ಟು, ಎರಡನೇ ಹೊಡೆತಕ್ಕೆ ಸೇರಿಕೊಂಡೆ. ಕೀಬೋರ್ಡಿನ ಹುಡುಗಿ "ಸ್ಟೈಲ್ ಚೆನ್ನಾಗಿದೆ ಆಂಟಿ" ಅಂದಳು. ನಾನು ಏನೂ ಹೇಳಲಿಲ್ಲ.

ಸಿ ಆ್ಯಡ್ 9 ಕಳ್ಳತನ ಯಾರಿಗೂ ಗೊತ್ತಾಗಲಿಲ್ಲ.

ಡ್ರಾಪ್ ಡಿ ಮಗಾ, ನಿನ್ನ ಅಡ್ಡ ಬೆರಳು ಪೂರ್ತಿ ವ್ಯರ್ಥ ಅಲ್ಲ. ಕಂಕನಾಡಿಯವರು ಹೇಳಿದ ಹಾಗೆ ಇ ಕಾರ್ಡನ್ನು ಒಂದು ಫ್ರೆಟ್ ಮುಂದೆ ತಂದು ಎಫ್ ಹಿಡಿದು ನೋಡಿದೆ. ಆರೂ ತಂತಿಗೆ ಅಡ್ಡ ಹಾಕುವಾಗ ಬೆರಳ ತುದಿಯನ್ನು ನೆಕ್ಕಿನ ಅಂಚಿನಿಂದ ಹೊರಗೆ ಬಿಡಬಹುದು. ನೋವಿನ ಜಾಗ ಗಾಳಿಯಲ್ಲಿ! ಸದ್ದು ಬಂದದ್ದು ನಾಲ್ಕು ತಂತಿಯಲ್ಲಿ ಮಾತ್ರ. ಆದರೆ ಕರೆಂಟ್ ಹೊಡೆಯಲಿಲ್ಲ.

ಡ್ರಾಪ್ ಡಿ, ಮಣಿಪಾಲ

ನಾನು ಹೇಳಿದ್ನಲ್ಲ! ಆಂಟಿ, ನನ್ನ ಗಿಟಾರಿಗೆ ಒಂದು ಬ್ಯಾಗ್ ಹೊಲಿದು ಕೊಡುತ್ತೀರಾ? ಸ್ಪಂಜ್ ಹಾಕಿದ್ದು. ಇದ್ದ ಬ್ಯಾಗಿನ ಜಿಪ್ಪು ಮಳೆಯಲ್ಲಿ ಹೋಯಿತು.

ಸೂಜಿದಾರ, ಉಡುಪಿ

ಕ್ರಿಸ್ಮಸ್ ಕಳೆದ ಮೇಲೆ. ಅಳತೆ ಕಳಿಸು: ಎದೆ, ಸೊಂಟ, ಹಿಪ್, ಪೂರ್ತಿ ಉದ್ದ. ಕುತ್ತಿಗೆಯದ್ದು ತಲೆಯ ಹತ್ತಿರ ಒಂದು, ಭುಜದ ಹತ್ತಿರ ಒಂದು. ಬಟ್ಟೆ ನೀನೇ ತಾ, ಜಿಪ್ಪು ನಾನು ತರುತ್ತೇನೆ, ಪ್ಲಾಸ್ಟಿಕ್‌ದೇ. ಲೋಹದ್ದು ಇಲ್ಲಿ ಒಂದು ವರ್ಷ ಬಾಳುವುದಿಲ್ಲ.